ಯಾದಗಿರಿ ಸಾರ್ ಯಾವ ಊರಿನವರು?

ನನ್ನ ತಂಗಿ ಕಾವ್ಯಾ ಈಗ ನಮ್ಮ ವಾರ್ಡಿನ ಕಾರ್ಪೊರೇಟರ್. ಜನ ಬಂದು ಮೇಡಂ, ಮೇಡಂ ಅನ್ನುವಾಗ ನನಗೆ ನಗು ತಡೆಯುವುದಿಲ್ಲ. ಮೈಯೆಲ್ಲ ಕ್ಲೋರಿನ್ ನಾರುತ್ತ ಒದ್ದೆ ಕೂದಲಲ್ಲೇ ಶಾಲೆಗೆ ಓಡುತ್ತಿದ್ದವಳನ್ನು ಎಳೆದು ಕೂಡಿಸಿ ಜಡೆ ಹಾಕಿದವಳು ನಾನು. ನನ್ನ ಮುಂದೆ ಎಂಥ ಮೇಡಂ!

ಆ ದಿನಗಳು ಕಣ್ಣಿಗೆ ಕಟ್ಟಿದಂತಿವೆ. ಹೈದರಾಬಾದಿನ ನಾರಾಯಣಗೂಡದಲ್ಲಿ ಬಾಡಿಗೆ ಮನೆ, ಸುಲ್ತಾನ್ ಬಜಾರಿನಲ್ಲಿ ಅಪ್ಪನ ಸೀರೆ ಅಂಗಡಿ. ಬೇಸಿಗೆ ರಜೆಯಲ್ಲಿ ನಮ್ಮ ಜಗಳ ತಾಳಲಾರದೆ ಅಪ್ಪ ಅವಳನ್ನು ಈಜುಕೊಳಕ್ಕೆ ಸೇರಿಸಿದ. ತಿಂಗಳು ತುಂಬುವಷ್ಟರಲ್ಲಿ ಅಲ್ಲಿನ ಕೋಚ್ ಮನೆಗೇ ಬಂದು, ಈ ಹುಡುಗಿಯನ್ನು ಬಿಡಿಸಬೇಡಿ, ಪದಕ ತರುತ್ತಾಳೆ ಎಂದು ತೆಲುಗಿನಲ್ಲಿ ಬೇಡಿಕೊಂಡರು. ಅವ್ವ ಗಿರಿಜಾಬಾಯಿ ರೊಟ್ಟಿ ಬಡಿಯುತ್ತ ಒಳಗಿನಿಂದಲೇ ಆಗಂಗಿಲ್ಲ ಎಂದುಬಿಟ್ಟಳು. ಚಡ್ಡಿ ಹಾಕಿಕೊಂಡು ಎಲ್ಲರೆದುರು ಈಸುವವಳಿಗೆ ನಾಳೆ ಗಂಡು ಎಲ್ಲಿ ಸಿಗಬೇಕು? ಅವರು ಎದ್ದರು. ಮರ್ಯಾದೆಗೆಂದು ಅಪ್ಪ ಹೆಸರು ಕೇಳಿದ. ಯಾದಗಿರಿ ಎಂದರು.

ರೊಟ್ಟಿಯ ಸದ್ದು ನಿಂತಿತು. ಅವ್ವನ ತವರು ಶಹಾಪುರ, ನಮ್ಮ ಯಾದಗಿರಿ ಕಡೆಯದು. ತೆಲಂಗಾಣದಲ್ಲಿ ಮನುಷ್ಯರಿಗೂ ಯಾದಗಿರಿ ಎಂದು ಹೆಸರಿಡುತ್ತಾರೆಂದು ಅವಳಿಗೇನು ಗೊತ್ತು! ಊರು ಹೇಳಿದರು ಅಂದುಕೊಂಡು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಹಿಡಿದು ಹೊರಗೇ ಬಂದಳು. ತವರಿನ ಕಡೆಯವರ ಕೈಗೆ ಮಗಳನ್ನು ಒಪ್ಪಿಸಲು ಎಂಥ ಹೆದರಿಕೆ? ಅವರು ತೆಲುಗು ಮಾತಾಡುತ್ತಾರಲ್ಲ ಎಂದು ನಾನು ಕೇಳಿದರೆ, ಪಾಪ, ಹೈದರಾಬಾದಿಗೆ ಬಂದು ಕನ್ನಡ ಮರೆತಾರ ಎಂದು ನನ್ನನ್ನೇ ಗದರಿದಳು.

ಮುಂದೆ ಒಂದು ದೀಪಾವಳಿಗೆ ಊರಿಗೆ ಹೊರಟ ಸಾರ್ ಕೈಯಲ್ಲಿ ಅವ್ವ ಶಹಾಪುರದ ತನ್ನ ತಮ್ಮನಿಗೆಂದು ಕರ್ಚಿಕಾಯಿ ಗಂಟು ಕೊಟ್ಟಳು. ಅವರು ತಮಗೇ ಕೊಟ್ಟದ್ದೆಂದು ತಮ್ಮೂರು ಭೋನಗಿರಿಗೆ ಒಯ್ದು, ಮನೆಮಂದಿಯೆಲ್ಲ ತಿಂದು, ಬಹಳ ರುಚಿಯಾಗಿದ್ದವು ಎಂದು ಬಂದು ಹೇಳಿದರು. ಅವರು ಯಾದಗಿರಿಯವರಲ್ಲವೆಂಬ ಗುಟ್ಟು ರಟ್ಟಾಯಿತು. ಅವ್ವ ಮುಖ ಊದಿಸಿಕೊಂಡು ಕೂತಳು. ಆದರೆ ಅಷ್ಟರಲ್ಲಿ ಕಾವ್ಯಾ ರಾಜ್ಯಕ್ಕೇ ಮೊದಲಿಗಳಾಗಿದ್ದಳು. ಅಪ್ಪ ಪೇಪರಿನ ಫೋಟೋ ಅಂಗಡಿಯಲ್ಲಿ ಅಂಟಿಸಿ, ಗಿರಾಕಿಗಳಿಗೆ ಸೀರೆಗಿಂತ ಮೊದಲು ಅದನ್ನೇ ತೋರಿಸುತ್ತಿದ್ದ. ಎಂಥ ಸುಖದ ದಿನಗಳು ಅವು!

ಆಮೇಲೆ ರಾಷ್ಟ್ರೀಯ ಪದಕಗಳು, ಸ್ಪೋರ್ಟ್ಸ್ ಕೋಟಾದಲ್ಲಿ ಸರಕಾರಿ ನೌಕರಿ. ಬಂಗಾರದಂಥ ನೌಕರಿ ಬಿಟ್ಟು ಚುನಾವಣೆಗೆ ನಿಂತಾಗ ಬಾಯಿಗೆ ಬಂದಂತೆ ಬೈದೆ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದು ನಕ್ಕಳು. ಅವಳ ಬಾಯಲ್ಲಿ ಗಾದೆ ಬೇರೆ!

ಹೋದ ಮಳೆಗಾಲದಲ್ಲಿ, ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆಂದು ತೋಡಿದ ಗುಂಡಿಯಲ್ಲಿ ನೀರು ತುಂಬಿ, ಯಾದಗಿರಿ ಕಡೆಯಿಂದ ಬಂದು ಅಲ್ಲೇ ಕೂಲಿ ಮಾಡುತ್ತಿದ್ದ ಸುಗಲಮ್ಮನ ಪುಟ್ಟ ಮಗ ಮುಳುಗಿ ಸತ್ತ. ಕಾವ್ಯಾ ವಾರ್ಡಿನ ಗುಂಡಿಗಳಿಗೆಲ್ಲ ತಗಡಿನ ಬೇಲಿ ಹಾಕಿಸಿದಳು. ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಕೂಲಿಯವರ ಮಕ್ಕಳಿಗೆಲ್ಲ ಈಜು ಕಲಿಸಲೇಬೇಕೆಂದು ಹಟ ಹಿಡಿದು ಅದೇ ಹಳೇ ಕೊಳದಲ್ಲಿ ಮಧ್ಯಾಹ್ನದ ಹೊತ್ತನ್ನು ಅವರಿಗಾಗಿ ಬಿಡಿಸಿಕೊಂಡಳು. ಮುದುಕರಾದ ಯಾದಗಿರಿ ಸಾರ್ ಕಲಿಸಲು ಒಪ್ಪಿದರು. ಒಂದು ಮಗುವೂ ಬರಲಿಲ್ಲ. ಸುಗಲಮ್ಮ ಕಳಿಸಿದರೆ ಮಾತ್ರ ಕಳಿಸುತ್ತೇವೆಂದು ಕೂಲಿಯವರ ಶೆಡ್ಡಿನ ಹೆಂಗಸರು ಕೂತಿದ್ದರು. ಸುಗಲಮ್ಮನಿಗೋ ಉಳಿದವಳು ಮಗಳು ರೇಣುಕಾ ಒಬ್ಬಳೇ.

ಅವ್ವನನ್ನೂ ಕರೆದುಕೊಂಡು ನಾವು ಶೆಡ್ಡಿಗೆ ಹೋದೆವು. ಕಾವ್ಯಾ ಎಷ್ಟು ಹೇಳಿದರೂ ಸುಗಲಮ್ಮ ತಲೆ ಎತ್ತಲಿಲ್ಲ. ಕೊನೆಗೆ ಅವ್ವ, ಕಲಿಸುವವರು ಯಾದಗಿರಿ ಸಾರ್ ಎಂದಳು.

ಸುಗಲಮ್ಮ ಮುಖ ಎತ್ತಿದಳು. “ನಮ್ಮ ಯಾದಗಿರಿಯವರೇನ್ರಿ?”

ಅವ್ವ ನನ್ನ ತೋಳು ಚಿವುಟಿದಳು. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು.

“ಇಲ್ಲವ್ವ,” ಎಂದಳು ಕಾವ್ಯಾ. “ಹೆಸರಷ್ಟ ಯಾದಗಿರಿ. ಊರು ಭೋನಗಿರಿ. ಸುಳ್ಳ ಹೇಳಿ ನಿನ್ನ ಮಗಳನ್ನ ಕರಕೊಂಡು ಹೋಗಂಗಿಲ್ಲ.”

ನನಗೆ ಮೈ ಉರಿಯಿತು. ರಾಜಕೀಯಕ್ಕೆ ಬಂದವಳಿಗೆ ಸತ್ಯ ಹೇಳಲು ಇದೇ ಹೊತ್ತು ಸಿಗಬೇಕೇ?

ಸುಗಲಮ್ಮ ಅವಳತ್ತ ತಿರುಗಿದಳು. “ಗುಂಡ್ಯಾಗ ಮೊಣಕಾಲುದ್ದ ಅಷ್ಟ ನೀರು ಐತಿ ಅಂತ ಕಟ್ಟಿಸೋರು ಸುಳ್ಳ ಹೇಳಿದ್ರು ನನಗ,” ಎಂದಳು. ಆಮೇಲೆ, ನಾಳೆ ಬರುತ್ತೇನೆ ಎಂದಳು.

ಮರುದಿನ ಶೆಡ್ಡಿನ ಮಕ್ಕಳೆಲ್ಲ ಬಂದರು. ಸಾರ್ ದಂಡೆಯಿಂದ ತೆಲುಗಿನಲ್ಲಿ ಹೇಳಿಕೊಡುತ್ತಿದ್ದರೆ ಕಾವ್ಯಾ ನೀರಿಗಿಳಿದು ರೇಣುಕಾಳ ಹೊಟ್ಟೆಗೆ ಕೈ ಕೊಟ್ಟು ತೇಲಿಸಿದಳು. ಹುಡುಗಿ ಕಾಲು ಬಡಿಯುತ್ತ ನಗತೊಡಗಿದಳು. ಸುಗಲಮ್ಮ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಬಳಿ ಬಂದಳು. ಮಗಳನ್ನು ಎತ್ತಿಕೊಂಡು ಹೋಗಲು ಬಂದಳೆಂದೇ ನಾನು ಗಾಬರಿಯಾದೆ.

“ನನಗೂ ಕಲಸ್ರಿ ಅಕ್ಕಾರ,” ಎಂದಳು. “ಅವತ್ತ ನಾ ಗುಂಡಿ ದಂಡಿ ಮ್ಯಾಲ ಇದ್ದೆ. ನನ್ನ ಕೂಸು ನನ್ನ ನೋಡಾಕತ್ತಿತ್ತು. ನನಗ ಈಸಾಕ ಬರ್ತಿದ್ದಿಲ್ಲ.”

ಕಾವ್ಯಾ ರೇಣುಕಾಳನ್ನು ಸಾರ್ ಕೈಗೆ ಕೊಟ್ಟು, ಸುಗಲಮ್ಮನ ಕೈ ಹಿಡಿದು ನಿಧಾನವಾಗಿ ನೀರಿಗೆ ಇಳಿಸಿಕೊಂಡಳು.