ಅಳತೆಯಕ್ಕನ ಹನ್ನೊಂದು ಸಾವಿರ ಕಾರ್ಡು

ಅಳತೆಯಕ್ಕ ಬಂದವರ ಮುಖವನ್ನು ಮೊದಲು ನೋಡುವವರಲ್ಲ, ನಡಿಗೆಯನ್ನು ಕೇಳುವವರು. ಕೃತಕ ಕಾಲುಗಳನ್ನು ತಯಾರಿಸುವ ಆ ಕಾರ್ಯಾಗಾರದಲ್ಲಿ ಬಾಗಿಲಿನಿಂದ ಅವರ ಮೇಜಿನ ತನಕ ಹದಿನಾಲ್ಕು ಹೆಜ್ಜೆಯಷ್ಟು ಉದ್ದದ ಹಲಗೆಯ ನೆಲವಿತ್ತು. ಅದರ ಮೇಲೆ ಯಾರು ಕಾಲಿಟ್ಟರೂ ಅವರು ಬರೆಯುತ್ತಿದ್ದ ಕಾರ್ಡಿನಿಂದ ತಲೆಯೆತ್ತದೆ, ಕಿವಿಯನ್ನಷ್ಟೇ ಆ ಕಡೆಗೆ ಕೊಟ್ಟು, "ಬಲಗಡೆ ಪಟ್ಟಿ ಸಡಿಲ ಆಗಿದೆ" ಎಂದೋ, "ಹೊಸ ಚಪ್ಪಲಿ ಹಾಕ್ಕೊಂಡು ಬಂದ್ರಾ, ಹಿಮ್ಮಡಿ ಎತ್ತರ ಆಯ್ತು" ಎಂದೋ ತೀರ್ಪು ಕೊಟ್ಟಾದ ಮೇಲೆಯೇ ಕುಶಲ ವಿಚಾರಿಸುತ್ತಿದ್ದರು. ನಾನು ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡು ಅಲ್ಲಿಗೆ ಹೋದಾಗ ಮೂವತ್ತೊಂದು ವರ್ಷದವನು. ಹೊಸ ಕಾಲು ತೊಟ್ಟು ಎರಡನೆಯ ಸಲ ಹೋದ ದಿನ ಅವರು ಅಂದದ್ದು ಎರಡೇ ಮಾತು: "ಎಡಗಾಲು ಎಳೀತೀರಿ." ನಾನು "ಇಲ್ಲವಲ್ಲ" ಎಂದೆ. ಅನಂತರ ಹತ್ತೊಂಬತ್ತು ವರ್ಷ, ಪ್ರತಿ ಭೇಟಿಯಲ್ಲೂ ಇದೇ ಸಂವಾದ ನಡೆಯಿತು, ಇಬ್ಬರೂ ನಮ್ಮ ನಮ್ಮ ಮಾತನ್ನು ಬಿಟ್ಟುಕೊಡಲಿಲ್ಲ.

ಗಿಡ್ಡ ಆಳು, ಚುರುಕು ನಡೆ. ಬೇಸಿಗೆಯಲ್ಲೂ ಕಳಚದ ಬೂದು ಬಣ್ಣದ ಕೋಟು. ಅದರ ಮೊಣಕೈಗಳಲ್ಲಿ ಅಚ್ಚು ತೆಗೆಯುವ ಪ್ಲಾಸ್ಟರಿನ ಬಿಳಿ ಕಲೆಗಳು, ಬಲಜೇಬಿನಲ್ಲಿ ಸುರುಳಿ ಸುತ್ತಿದ ಟೇಪು, ಎಡಜೇಬಿನಲ್ಲಿ ಮೊಂಡು ಪೆನ್ಸಿಲು. ಹೆಸರು ಹೇಳಿ ಕರೆದವರನ್ನು ನಾನು ಕಂಡಿಲ್ಲ. ಅಳತೆ ತೆಗೆಯುವುದು ಅವರ ಕೆಲಸ, ಆದ್ದರಿಂದ ಅವರು ಅಳತೆಯಕ್ಕ. ಅವರಿಗಿಂತ ಹತ್ತು ವರ್ಷ ಹಿರಿಯರಿಗೂ ಅಕ್ಕನೇ. ಯಾರಾದರೂ ಗೋಳನ್ನು ನಡುವಿನಿಂದ ಹೇಳತೊಡಗಿದರೆ ಸಾಕು, ಕೈಯೆತ್ತಿ ತಡೆದು "ಮೊದಲಿಂದ ಹೇಳಿ" ಎನ್ನುತ್ತಿದ್ದರು. ಓದುವಾಗಲೂ ಅದೇ ನಿಯಮ. ಮಾತ್ರೆಯ ಡಬ್ಬಿಯೊಳಗೆ ಮಡಿಚಿಟ್ಟ ಚೀಟಿಯನ್ನೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ, ಒಂದು ಸಾಲನ್ನೂ ಹಾರಿಸದೆ ಮುಗಿಸಿಯೇ ಮಾತ್ರೆ ನುಂಗುವವರು. ದರ್ಜಿಯಾದ ಅವರ ಗಂಡ ಒಮ್ಮೆ ನನ್ನೊಡನೆ ಅಂದಿದ್ದರು: "ಮದುವೆ ಕಾಗದ ಬಂದ್ರೆ ಪ್ರೆಸ್ಸಿನ ಹೆಸರು ಓದೋವರೆಗೂ ಮದುವೆಗೆ ಹೊರಡೋದಿಲ್ಲ ಸ್ವಾಮಿ ಇವಳು." ಒಂದೇ ಮನೆಯಲ್ಲಿ ಎರಡು ಟೇಪು, ಆ ಸಂಸಾರದಲ್ಲಿ ಅಂದಾಜು ಎಂಬ ಪದಕ್ಕೆ ಪ್ರವೇಶವಿರಲಿಲ್ಲ.

ಅವರ ಬೆನ್ನ ಹಿಂದೆ ನಾಲ್ಕು ಉಕ್ಕಿನ ಬೀರುಗಳಲ್ಲಿ ಹನ್ನೊಂದು ಸಾವಿರ ಕಾರ್ಡುಗಳಿದ್ದವು. ಒಂದು ಕಾಲಿಗೆ ಒಂದು ಕಾರ್ಡು. ಎಡಗಾಲಿಗೆ ನೀಲಿ ಮೂಲೆ, ಬಲಗಾಲಿಗೆ ಕೆಂಪು ಮೂಲೆ. ಕಾಲು ಎಲ್ಲಿಗೆ ತುಂಡಾಗಿದೆ, ಅಲ್ಲಿಂದ ನೆಲಕ್ಕೆ ಎಷ್ಟು, ಸುತ್ತಳತೆ ಎಷ್ಟು, ಅಚ್ಚು ಯಾವ ಕಪಾಟಿನಲ್ಲಿದೆ, ಎಲ್ಲವೂ ಮೊಂಡು ಪೆನ್ಸಿಲಿನ ಅಚ್ಚುಕಟ್ಟಾದ ಅಕ್ಷರಗಳಲ್ಲಿ. ಮತ್ತು ಕಾರ್ಡಿನ ಬೆನ್ನಿಗೆ ಒಂದು ಸಾಲು, ಆ ಮನುಷ್ಯನ ನಡಿಗೆಯ ಬಗ್ಗೆ. ಕಾರ್ಯಾಗಾರವನ್ನು ಹೊಸ ಕಟ್ಟಡಕ್ಕೆ ಸಾಗಿಸುವುದೆಂದು ನಿಶ್ಚಯವಾದ ವರ್ಷ ಆ ಬೀರುಗಳಿಗೆ ಅಲ್ಲಿ ಜಾಗವಿಲ್ಲವೆಂದೂ ನಿಶ್ಚಯವಾಯಿತು. ಹೊರಗಿನ ಒಂದು ಸಂಸ್ಥೆಯವರು ಬಂದು ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದರು. ಒಬ್ಬ ಮನುಷ್ಯನಿಗೆ ಒಂದು ಸಾಲು, ನೋಡಲು ಬಲು ಸೊಗಸಾದ ಪಟ್ಟಿ. ಸ್ಥಳಾಂತರದ ದಿನ ಕಾರ್ಡುಗಳು ರದ್ದಿಗೆ ಹೋಗತಕ್ಕದ್ದು ಎಂದು ಮೇಲ್ವಿಚಾರಕರು ಸೂಚನೆ ಹೊರಡಿಸಿದರು. ಅದಕ್ಕೆ ಎಂಟು ತಿಂಗಳಿತ್ತು, ಅಳತೆಯಕ್ಕನ ನಿವೃತ್ತಿಗೆ ಒಂದು ವರ್ಷ.

ಪಟ್ಟಿಯ ಸೊಗಸು ಅಂಚೆಯಣ್ಣ ಬರುವವರೆಗೆ ಬಾಳಿತು. ನಿವೃತ್ತ ಅಂಚೆಯವರಾದ ಇವರಿಗೆ ಎರಡೂ ಕಾಲಿಲ್ಲ. ಸವೆದ ಎಡಗಾಲಿನ ಬದಲಿಗೆ ಹೊಸತನ್ನು ಪಟ್ಟಿ ನೋಡಿಯೇ ಮಾಡಿದ್ದರು. ತೊಟ್ಟು ಎದ್ದು ನಿಂತ ಅಂಚೆಯಣ್ಣ ಗಾಳಿಗೆ ಬಾಗಿದ ಕಂಬದಂತೆ ಬಲಕ್ಕೆ ವಾಲಿದರು. ಪಕ್ಕದಲ್ಲಿದ್ದ ಯಾರೋ ನೆಲ ಸಮ ಇಲ್ಲವೇನೋ ಎಂದರು. "ನೆಲ ಡೊಂಕು ಅನ್ನೋಕೆ ನಾನೇನು ಕುಣಿಯೋಕೆ ಬಂದಿದ್ದೀನೇನಪ್ಪ? ನೆಟ್ಟಗೆ ನಿಲ್ಲೋದಷ್ಟೇ ಸಾಕು ನನಗೆ," ಎಂದರು ಅಂಚೆಯಣ್ಣ. ಅಳತೆಯಕ್ಕ ಬೀರು ತೆರೆದು ಎರಡು ಕಾರ್ಡು ತೆಗೆದರು. ಎಡಕ್ಕೆ ಇಪ್ಪತ್ತಾರು ಸೆಂಟಿಮೀಟರು, ಬಲಕ್ಕೆ ಇಪ್ಪತ್ತೊಂಬತ್ತು. ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಸಾಲಾದ್ದರಿಂದ, ಎರಡನೆಯ ಕಾರ್ಡನ್ನು ಏರಿಸಿದಾಗ ಅದು ಮೊದಲನೆಯದರ ಮೇಲೆ ಕುಳಿತು ಅದನ್ನು ಅಳಿಸಿಹಾಕಿತ್ತು; ಹೊಸ ಎಡಗಾಲು ಬಲಗಾಲಿನ ಅಳತೆಗೆ ಬಂದಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ನಾವೆಲ್ಲ ಕಂಡಿದ್ದೇವೆ. ಈ ಪಟ್ಟಿ ಹಿಡಿದ ಮನುಷ್ಯನಿಗೆ ಒಂದೇ ಕಾಲು.

ಕಾಲಿನ ಚರ್ಮದ ಪಟ್ಟಿ ಹೊಲಿಸಲು ಹೋಗಿದ್ದ ನಾನು ಆ ದಿನ ಬೆಂಚಿನ ಮೇಲೆ ಕುಳಿತು ಮುಂದಿನದನ್ನು ಕಣ್ಣಾರೆ ಕಂಡೆ. ಮೇಲ್ವಿಚಾರಕರು ಒಳ್ಳೆಯವರು, ಆದರೆ ಗಡಿಬಿಡಿಯವರು. "ಒಂದೆರಡು ತಪ್ಪು ಇದ್ದೇ ಇರ್ತವೆ ಅಕ್ಕ, ತಿದ್ದಿದ್ರಾಯ್ತು," ಎಂದರು.

"ಒಂದೆರಡಲ್ಲ. ಎರಡೂ ಕಾಲಿಲ್ಲದವರು ಮುನ್ನೂರ ಎಂಟು ಜನ. ಕಾರ್ಡು ರದ್ದಿಗೆ ಹೋದ ಮೇಲೆ ಏನು ನೋಡಿ ತಿದ್ದೋದು?"

"ಹಾಗಾದ್ರೆ ನೀವೇ ಒಂದು ಮಾಡಿ ತೋರ್ಸಿಬಿಡಿ!"

ಆ ಮಾತಿನಲ್ಲಿದ್ದ ವ್ಯಂಗ್ಯ ಕೋಣೆಯಲ್ಲಿದ್ದ ಎಲ್ಲರಿಗೂ ತಟ್ಟಿತು, ಅಳತೆಯಕ್ಕನನ್ನು ಬಿಟ್ಟು. ಅವರು ಅದನ್ನು ಆಜ್ಞೆಯೆಂದೇ ಸ್ವೀಕರಿಸಿದರು. ಮೇಲ್ವಿಚಾರಕರ ಕಂಪ್ಯೂಟರಿನ ಪರದೆಯನ್ನು ಎತ್ತರಿಸಲು ಅದರ ಕೆಳಗೆ ಒಂದು ದಪ್ಪ ಪುಸ್ತಕವನ್ನು ಇಟ್ಟಿದ್ದರು, ಡೇಟಾಬೇಸ್ ಕಟ್ಟುವುದನ್ನು ಕಲಿಸುವ ಆರುನೂರ ನಲವತ್ತು ಪುಟಗಳ ಕೈಪಿಡಿ. ಅಳತೆಯಕ್ಕ ಪರದೆಯನ್ನು ಒಂದು ಕೈಯಲ್ಲಿ ಎತ್ತಿ ಪುಸ್ತಕವನ್ನು ಎಳೆದುಕೊಂಡರು; ಆ ಜಾಗಕ್ಕೆ ಪಾದ ಕೆತ್ತುವ ಮರದ ತುಂಡೊಂದನ್ನು ತಂದಿಟ್ಟು, ಟೇಪು ಹಿಡಿದು ಮೊದಲಿನ ಎತ್ತರವೇ ಬಂದಿದೆಯೆಂದು ಖಚಿತಪಡಿಸಿಕೊಂಡು ಹೊರಟುಹೋದರು.

ಬೆಳಿಗ್ಗೆ ಏಳರಿಂದ ಎಂಟೂವರೆ, ಕಾರ್ಯಾಗಾರ ತೆರೆಯುವ ಮುನ್ನ, ಅವರ ವಿದ್ಯಾಭ್ಯಾಸ. ಮುನ್ನುಡಿ, ಕೃತಜ್ಞತೆ, ಪ್ರಕಾಶಕರ ವಿಳಾಸ, ಒಂದನ್ನೂ ಬಿಡಲಿಲ್ಲ. ಪ್ರತಿ ಅಧ್ಯಾಯದ ಕೊನೆಗಿದ್ದ ಅಭ್ಯಾಸಗಳನ್ನೆಲ್ಲ ಮಾಡಿ ಮುಗಿಸದ ಹೊರತು ಮುಂದಿನ ಪುಟ ತಿರುಗಿಸುತ್ತಿರಲಿಲ್ಲ. ಕೈಪಿಡಿಯು ಉದಾಹರಣೆಗೆಂದು ಒಂದು ಕಾಲ್ಪನಿಕ ಸೈಕಲ್ ಅಂಗಡಿಯನ್ನು ಇಟ್ಟುಕೊಂಡಿತ್ತು. ಅಳತೆಯಕ್ಕನಿಗೆ ಅದು ಪಕ್ಕದ ಬೀದಿಯ ಅಂಗಡಿಯಷ್ಟೇ ನಿಜವಾಗಿ, ಅದರ ಗಿರಾಕಿಗಳ ಬಗ್ಗೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಚರ್ಮದ ಪಟ್ಟಿ ಹೊಲಿಯುವ ಮೋಚಿಯೊಡನೆ ಚರ್ಚೆ ನಡೆಯುತ್ತಿತ್ತು. "ಆ ಮೂರನೇ ಗಿರಾಕಿ ನೋಡಿ, ಎರಡು ಸಲ ಸೈಕಲ್ ತಗೊಂಡು ಎರಡು ಸಲಾನೂ ವಾಪಸ್ ಕೊಟ್ಟಿದ್ದಾನೆ. ಮನುಷ್ಯ ಸರಿಯಿಲ್ಲ."

ನಕ್ಕೆವು. ಆದರೆ ಎಂಟನೆಯ ಅಧ್ಯಾಯದ ಮುಂಜಾವಿನಲ್ಲಿ ಆ ಸೈಕಲ್ ಅಂಗಡಿಯೇ ಅವರಿಗೆ ದಾರಿ ತೋರಿಸಿತು. ಗಿರಾಕಿಗಳದೇ ಒಂದು ಕೋಷ್ಟಕ, ಕೊಂಡ ಸೈಕಲ್‌ಗಳದೇ ಇನ್ನೊಂದು. ಪ್ರತಿ ಗಿರಾಕಿಗೂ ಮತ್ತಾರಿಗೂ ಇರದ ಒಂದು ಸಂಖ್ಯೆ. ಸೈಕಲ್ಲಿನ ಸಾಲಿನಲ್ಲಿ ಆ ಸಂಖ್ಯೆಯನ್ನಷ್ಟೇ ಬರೆದರೆ ಅದು ಯಾರದೆಂದು ತಾನಾಗಿ ತಿಳಿಯುತ್ತದೆ. ಒಬ್ಬ ಗಿರಾಕಿ ಹತ್ತು ಸೈಕಲ್ ಕೊಂಡರೂ ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಅಂದು ನಾನು ಹೋದಾಗ ಅವರ ಮುಖದಲ್ಲಿ ಎಂದೂ ಕಾಣದ ಕಳೆಯಿತ್ತು. "ಮನುಷ್ಯರು ಒಂದು ಕಡೆ, ಕಾಲುಗಳು ಒಂದು ಕಡೆ. ಇಷ್ಟೇ ಕಣ್ರೀ! ಅಂಚೆಯಣ್ಣ ಒಬ್ಬರು, ಕಾಲು ಎರಡು, ಎರಡೂ ಅವರದ್ದೇ," ಎಂದರು. ಐವತ್ತೇಳನೆಯ ವಯಸ್ಸಿನಲ್ಲಿ ಒಬ್ಬರು ಹೀಗೆ ಬೆಳಗುವುದನ್ನು ನೋಡಿ ನನಗೆ ಅಸೂಯೆಯೇ ಆಯಿತು.

ಎರಡು ತಿಂಗಳು ಓದಿನಲ್ಲಿ ಕಳೆಯಿತು. ಆಮೇಲೆ ಕಾರ್ಡು ಏರಿಸುವ ಕೆಲಸ. ಮೋಚಿ, ಪಾದ ಕೆತ್ತುವ ಬಡಗಿ, ಅಚ್ಚಿನವನು ಎಲ್ಲರೂ ಬಿಡುವಾದಾಗ ಎರಡೆರಡು ಬೆರಳಲ್ಲಿ ಕುಟ್ಟಿದರು; ಹೋದಾಗಲೆಲ್ಲ ನಾನೂ ಕುಟ್ಟಿದೆ. ನಡುನಡುವೆ ಓದು ಮುಂದುವರಿಯುತ್ತಿತ್ತು. ಮೂರು ಸಾವಿರ ಕಾರ್ಡು ಮುಗಿದಿದ್ದ ಒಂದು ಬೆಳಿಗ್ಗೆ, ಆಗಷ್ಟೇ ಕಲಿತ ಹನ್ನೊಂದನೆಯ ಅಧ್ಯಾಯದ ಹುರುಪಿನಲ್ಲಿ, ತಪ್ಪಾಗಿ ಬಿದ್ದಿದ್ದ ಅಂಚೆಯಣ್ಣನ ಎಡಗಾಲಿನ ಅಳತೆಯನ್ನು ತಿದ್ದಲು ಅವರು ಯಂತ್ರಕ್ಕೆ ಅಪ್ಪಣೆ ಕೊಟ್ಟರು: ಎಡಗಾಲಿನ ಅಳತೆ ಇಪ್ಪತ್ತಾರು ಆಗಲಿ. ಎಡಗಾಲು ಎಂದು ಹೇಳಿದ್ದರು; ಯಾರ ಎಡಗಾಲು ಎಂದು ಹೇಳಿರಲಿಲ್ಲ. ಯಂತ್ರಕ್ಕೆ ಸಂಕೋಚವೆಂಬುದುಂಟೇ? ಮರುಪ್ರಶ್ನೆ ಮಾಡದೆ ಸಾವಿರದ ನಾನೂರ ಹನ್ನೆರಡು ಸಾಲು ಬದಲಾಗಿದೆಯೆಂದು ವರದಿ ಒಪ್ಪಿಸಿತು. ಅಷ್ಟೂ ಎಡಗಾಲುಗಳು, ನನ್ನದೂ ಸೇರಿ, ಇಪ್ಪತ್ತಾರು ಸೆಂಟಿಮೀಟರ್ ಆಗಿಬಿಟ್ಟವು.

ಮೊದಲೇ ಒಂದು ಪ್ರತಿ ತೆಗೆದಿಟ್ಟುಕೊಂಡಿದ್ದರೆ ಯಾವ ನಷ್ಟವೂ ಇರಲಿಲ್ಲ. ಕೈಪಿಡಿ ಅದನ್ನು ದಪ್ಪಕ್ಷರದಲ್ಲಿ, ಚೌಕಟ್ಟು ಹಾಕಿ ಎಚ್ಚರಿಸಿಯೂ ಇತ್ತು, ಹತ್ತೊಂಬತ್ತನೆಯ ಅಧ್ಯಾಯದಲ್ಲಿ. ಪುಟ ಹಾರಿಸದ ನಮ್ಮ ಅಳತೆಯಕ್ಕ ಹನ್ನೊಂದನೆಯದರಲ್ಲಿದ್ದರು. ಇಷ್ಟು ವರ್ಷ ಅವರನ್ನು ಕಾಯ್ದ ನಿಯಮವೇ ಅಂದು ಕೈಕೊಟ್ಟಿತು.

ಅವರು ಅಳಲಿಲ್ಲ. ಕೋಟನ್ನು ಕಳಚಿ ಕುರ್ಚಿಗೆ ಹಾಕಿದರು, ಅಷ್ಟೇ. ಅವರನ್ನು ಕೋಟಿಲ್ಲದೆ ನಾವು ನೋಡಿದ್ದು ಅದೇ ಮೊದಲು, ಎಷ್ಟು ಸಣ್ಣಗಿದ್ದಾರೆಂದು ಕಂಡದ್ದೂ ಆಗಲೇ. ಮೇಲ್ವಿಚಾರಕರು ಬಂದು, ಈ ಸಲ ವ್ಯಂಗ್ಯವಿಲ್ಲದೆ, "ಸಾಕು ಬಿಡಿ ಅಕ್ಕ. ಆ ಪಟ್ಟಿನೇ ಹೇಗೋ ಇಟ್ಕೊಂಡು ಹೋಗೋಣ. ನಿಮಗೂ ವಯಸ್ಸಾಯ್ತು," ಎಂದರು. ಅಳತೆಯಕ್ಕ ಪುಸ್ತಕವನ್ನು ಕೈಗೆತ್ತಿಕೊಂಡು, ಹನ್ನೊಂದರಿಂದ ಹತ್ತೊಂಬತ್ತಕ್ಕೆ, ನಡುವಿನ ನೂರಾರು ಪುಟಗಳನ್ನು ಒಂದೇ ಸಲಕ್ಕೆ ಮಗುಚಿದರು. ನಿಂತುಕೊಂಡೇ ಆ ಅಧ್ಯಾಯವನ್ನು ಓದಿ ಮುಗಿಸಿದರು. ಮತ್ತೆ ಕೋಟು ತೊಟ್ಟುಕೊಂಡು ನೀಲಿ ಮೂಲೆಯ ಕಾರ್ಡುಗಳಿದ್ದ ಬೀರುವನ್ನು ತೆರೆದರು.

"ಕಾರ್ಡು ಇನ್ನೂ ಇದೆಯಲ್ಲ," ಎಂದರು. "ಮೊದಲಿಂದ."

ಗಂಡ ಅಂಗಡಿಗೆ ಎಂಟು ದಿನ ಬೀಗ ಹಾಕಿ ಬಂದು ಪಕ್ಕದಲ್ಲಿ ಕುಳಿತು ಕಾರ್ಡು ಓದಿ ಹೇಳಿದರು. "ಅಂಗಿ ಆದ್ರೆ ಬಿಚ್ಚಿ ಹೊಲೀಬಹುದು, ಕಾಲು ಬಿಚ್ಚಿ ಹೊಲಿಯೋಕಾಗತ್ತಾ?" ಎಂದು ಬಂದಬಂದವರಿಗೆಲ್ಲ ವಿವರಣೆ ಬೇರೆ. ಅಂದಿನಿಂದ ಪ್ರತಿ ಸಂಜೆ ಕೆಲಸ ಮುಗಿದೊಡನೆ ಪ್ರತಿ ತೆಗೆಯುವುದು, ತೆಗೆದ ಪ್ರತಿಯನ್ನು ತೆರೆದು ನೋಡುವುದು, ಅನಂತರವೇ ಕೋಟಿನ ಗುಂಡಿ ಹಾಕಿಕೊಳ್ಳುವುದು ಅವರ ಹೊಸ ವ್ರತವಾಯಿತು. ಸ್ಥಳಾಂತರಕ್ಕೆ ನಾಲ್ಕು ದಿನ ಇರುವಾಗ ಕೊನೆಯ ಕಾರ್ಡು ಏರಿತು. ಉಳಿದ ನಾಲ್ಕು ದಿನ, ಕಣ್ಣು ಮುಚ್ಚಿ ಬೀರುವಿಗೆ ಕೈಹಾಕಿ ತೆಗೆದ ಕಾರ್ಡುಗಳನ್ನು ಪರದೆಯೊಡನೆ ಹೋಲಿಸಿ ನೋಡಿದರು. ತಪ್ಪು ಸಿಕ್ಕಿದ್ದು ಆರು, ಆರನ್ನೂ ಯಾರ ಕಾಲೆಂದು ಹೇಳಿಯೇ ತಿದ್ದಿದರು. ಅಂಚೆಯಣ್ಣ ತಮ್ಮ ಸಾಲುಗಳನ್ನು ನೋಡಲೆಂದೇ ಬಂದರು. ಪರದೆಯ ಮೇಲೆ ಬೆರಳಿಟ್ಟು "ಒಂದು, ಎರಡು" ಎಂದು ಎಣಿಸಿ, ಬಗ್ಗಿ ತಮ್ಮ ಕಾಲುಗಳನ್ನೂ ಎಣಿಸಿ, "ಲೆಕ್ಕ ತಾಳೆ ಆಯ್ತು" ಎಂದರು. ಮೇಲ್ವಿಚಾರಕರು ಹಳೆಯ ಪಟ್ಟಿಯನ್ನು ತಾವೇ ಅಳಿಸಿದರು.

ಅಳತೆಯಕ್ಕನ ಕೋಷ್ಟಕದಲ್ಲಿ ಒಂದು ಕಾಲಮ್ಮಿನ ಬಗ್ಗೆ ಮಾತ್ರ ಕೊನೆಗೆ ಜಗಳವಾಯಿತು. ಅದರ ತಲೆಯ ಮೇಲೆ "ನಡಿಗೆ" ಎಂದಿತ್ತು. ಕಾರ್ಡುಗಳ ಬೆನ್ನಿಗಿದ್ದ ಆ ಒಂದೊಂದು ಸಾಲನ್ನೂ ಅವರೊಬ್ಬರೇ ಕುಳಿತು ಏರಿಸಿದ್ದರು. ಕಾಲು ಮಾಡಲು ಅದರಿಂದ ಏನು ಉಪಯೋಗ ಎಂದು ಮೇಲ್ವಿಚಾರಕರು ಕೇಳಿದರು. "ಹೊಸ ಕಟ್ಟಡದಲ್ಲಿ ನೆಲಕ್ಕೆ ನುಣುಪು ಕಲ್ಲು ಹಾಕಿದ್ದೀರಿ. ಹೆಜ್ಜೆ ಕೇಳ್ಸಲ್ಲ. ನನ್ನ ಜಾಗಕ್ಕೆ ಬರೋರಿಗೆ ಏನು ತಿಳಿಬೇಕು?" ಎಂದರು ಅವರು. ಕಾಲಮ್ಮು ಉಳಿಯಿತು.

ಮೊನ್ನೆ ನಾನು ಹೊಸ ಕಟ್ಟಡಕ್ಕೆ ಹೋಗಿದ್ದೆ. ಅಳತೆಯಕ್ಕ ಮನೆ ಸೇರಿ ಎರಡು ವರ್ಷವಾಗಿದೆ. ಗಂಡನ ಅಂಗಡಿಯ ಗಿರಾಕಿಗಳನ್ನೆಲ್ಲ ಕೋಷ್ಟಕಕ್ಕೆ ಹಾಕುತ್ತಿದ್ದಾರಂತೆ. ಅವರ ಮೇಜಿನಲ್ಲಿ ಒಬ್ಬ ಯುವತಿ ಕುಳಿತಿದ್ದಳು, ನನ್ನನ್ನು ಎಂದೂ ಕಾಣದವಳು. ನನ್ನ ಸಂಖ್ಯೆಯನ್ನು ಕುಟ್ಟಿ, ಪರದೆಯನ್ನು ಓದಿ, ತುಟಿ ಕಚ್ಚಿ ನಗು ತಡೆದಳು. ಏನೆಂದು ಕೇಳಿದೆ. ಪರದೆಯನ್ನು ನನ್ನತ್ತ ತಿರುಗಿಸಿದಳು. "ನಡಿಗೆ" ಎಂಬಲ್ಲಿ ಹೀಗಿತ್ತು: ಎಡಗಾಲು ಎಳೆಯುತ್ತಾರೆ. ಕೇಳಿದರೆ ಇಲ್ಲ ಎನ್ನುತ್ತಾರೆ. ಒಪ್ಪಬೇಡಿ.

"ಹೌದಮ್ಮ, ಎಳೀತೀನಿ," ಎಂದೆ. ಇಪ್ಪತ್ತೊಂದು ವರ್ಷಕ್ಕೆ ಮೊದಲ ಸಲ.

ತಾವಿಲ್ಲದೆ ನಡೆಯದು ಎನ್ನುವಂತೆ ಕೆಲಸವನ್ನು ತಮ್ಮ ಸುತ್ತಲೇ ಕಟ್ಟಿಕೊಳ್ಳುವ ಜನ ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಅವರು ಎದ್ದುಹೋದ ದಿನ ಅವರ ಜ್ಞಾನವೂ ಊಟದ ಡಬ್ಬಿಯಂತೆ ಅವರೊಡನೆ ಮನೆಗೆ ಹೊರಟುಹೋಗುತ್ತದೆ. ಅಳತೆಯಕ್ಕನಂಥವರು ಬೇರೆ ಬಗೆ. ತಮ್ಮ ಕಿವಿಗಷ್ಟೇ ಗೊತ್ತಿದ್ದುದನ್ನು ಮತ್ತೊಬ್ಬರ ಕಣ್ಣಿಗೆ ಕಾಣುವಂತೆ ಮಾಡುವುದಕ್ಕಾಗಿ ಅವರು ಇಳಿವಯಸ್ಸಿನಲ್ಲಿ ಶಾಲೆಯ ಮಕ್ಕಳಂತೆ ಅಭ್ಯಾಸ ಬರೆಯುತ್ತಾರೆ, ಹತ್ತು ಜನರೆದುರು ತಪ್ಪುತ್ತಾರೆ, ಮೊದಲಿಂದ ಶುರುಮಾಡುತ್ತಾರೆ. ತಮ್ಮ ಹೆಸರು ಎಲ್ಲಿಯೂ ಉಳಿಯಬೇಕೆಂದು ಅವರು ಬಯಸಿದವರಲ್ಲ. ಹನ್ನೊಂದು ಸಾವಿರ ಸಾಲುಗಳಲ್ಲಿ ಹುಡುಕಿದರೂ ಅಳತೆಯಕ್ಕನ ಹೆಸರು ಸಿಕ್ಕುವುದಿಲ್ಲ. ಅವರು ಬಯಸಿದ್ದು ಇಷ್ಟೇ: ತಾವು ಇಲ್ಲದ ದಿನವೂ ಬಂದವರು ನೆಟ್ಟಗೆ ನಿಂತು ಹೋಗಬೇಕು.