ಸೆಕೆಯಲ್ಲಿ ಮಲಗದ ಹರಳು

ಹೊನ್ನಾವರದ ಆ ಕಾಲೇಜಿನಲ್ಲಿ ಮೆಟ್ಟಿಲ ಕೆಳಗೊಂದು ಕತ್ತಲೆ ಕೋಣೆಯಿತ್ತು. ಭೌತಶಾಸ್ತ್ರ ಕಲಿಸುವ ಶ್ರೀಗೌರಿ ಪಾಠ ಮುಗಿದ ಮೇಲೆ ಅದರೊಳಗೆ ಸೇರಿಕೊಂಡರೆ ಮಿರ್ಜಾನಕ್ಕೆ ಹೋಗುವ ಬಸ್ಸಿನ ಹೊತ್ತಿಗಷ್ಟೇ ಹೊರಗೆ ಬರುತ್ತಿದ್ದಳು. ಅಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ಮನೆಯಲ್ಲಾಗಲಿ ಸ್ಟಾಫ್ ರೂಮಿನಲ್ಲಾಗಲಿ ಸಿಗದ ನಿಶ್ಶಬ್ದವೊಂದು ಆ ನಾಲ್ಕು ಗೋಡೆಗಳ ನಡುವೆ ಅವಳಿಗಾಗಿಯೇ ಕಾದಿರುತ್ತಿತ್ತು.

ಒಳಗೆ ಇದ್ದದ್ದು ಹೆಚ್ಚೇನಲ್ಲ. ಎರಡು ಗಾಜಿನ ಚೂರುಗಳ ನಡುವೆ ಒಂದು ಹನಿ ದ್ರವಹರಳು, ಆಚೆಗೊಂದು ಈಚೆಗೊಂದು ಬೆಳಕು ಸೋಸುವ ಹಾಳೆ, ಹಿಂದೊಂದು ದೀಪ. ವಿದ್ಯುತ್ತು ಕೊಟ್ಟರೆ ಹರಳಿನ ಕಣಗಳೆಲ್ಲ ಎದ್ದು ನಿಂತು ಗಾಜು ಕಪ್ಪಾಗುತ್ತಿತ್ತು. ಕೈಬಿಟ್ಟರೆ ಅವು ತಮ್ಮ ಪಾಡಿಗೆ ಮೆಲ್ಲಗೆ ಮಲಗುತ್ತಿದ್ದವು. ಆಗ ಕಪ್ಪಿನ ಒಳಗಿಂದ ಬೂದು, ಹಳದಿ, ನೇರಳೆ, ಹಸಿರು ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವು, ಮುಚ್ಚಿದ ಕಣ್ಣಿನೊಳಗೆ ನಿದ್ದೆಗೆ ಮುಂಚೆ ಬರುವ ಬಣ್ಣಗಳ ಹಾಗೆ. ಶ್ರೀಗೌರಿ ಗಲ್ಲಕ್ಕೆ ಕೈಕೊಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದಳು.

ಈ ನಿಧಾನವೇ ಇಂಥ ಹರಳಿನಿಂದ ಟೀವಿ ಪರದೆ, ಕನ್ನಡಕದ ಮಸೂರ ಮಾಡುವವರ ತಲೆನೋವು. ಎಬ್ಬಿಸುವುದು ಕೈಯಲ್ಲಿದೆ, ಮಲಗಿಸುವುದು ಯಾರ ಕೈಯಲ್ಲೂ ಇಲ್ಲ. ಪದರ ದಪ್ಪವಾದಷ್ಟೂ ಕಾಯಬೇಕು. ಅದಕ್ಕೆಂದೇ ಅವಳು ಬೇರೊಂದು ಬಗೆಯ ಹರಳನ್ನು ತರಿಸಿದ್ದಳು. ಅದು ಎರಡು ಕಂಪನಗಳಿಗೆ ಓಗೊಡುವಂಥದ್ದು. ವಿದ್ಯುತ್ತು ನಿಧಾನವಾಗಿ ಕಂಪಿಸಿದರೆ ಕಣಗಳು ಏಳುತ್ತವೆ. ಅದೇ ವಿದ್ಯುತ್ತು ವೇಗವಾಗಿ ಕಂಪಿಸಿದರೆ ತಟ್ಟನೆ ಮಲಗುತ್ತವೆ. ಕಾಯಬೇಕಿಲ್ಲ, ಏಳುವುದಕ್ಕೂ ಮಲಗುವುದಕ್ಕೂ ಅಪ್ಪಣೆ. ಎರಡು ಕಂಪನಗಳ ನಡುವೆ ಎಲ್ಲೋ ಒಂದು ಗಡಿ. ಅದರ ಈಚೆ ಎಚ್ಚರ, ಆಚೆ ನಿದ್ದೆ.

ಪ್ರಾಂಶುಪಾಲ ತ್ರ್ಯಂಬಕ ಹೆಗಡೆಯವರಿಗೆ ಆ ಕೋಣೆ ಜೆರಾಕ್ಸ್ ಅಂಗಡಿಗೆ ಬೇಕಿತ್ತು. ವಿಶ್ವವಿದ್ಯಾಲಯದಿಂದ ಸುಮತಿ ಮೇಡಂ ಬಂದು ನೋಡುತ್ತಾರೆ, ಅವರು ಹೌದೆಂದರೆ ಕೋಣೆ ನಿನಗೆ, ಇಲ್ಲವಾದರೆ ಜೆರಾಕ್ಸಿನವನಿಗೆ ಎಂದಿದ್ದರು. ಮೇ ತಿಂಗಳ ಆ ಬೆಳಿಗ್ಗೆ ಸುಮತಿ ಕುಮಟೆಯಲ್ಲಿ ರೈಲಿಳಿದು ಹೊರಟಿದ್ದಾರೆಂದು ಫೋನು ಬಂತು. ಶ್ರೀಗೌರಿ ಎಲ್ಲವನ್ನೂ ಒಮ್ಮೆ ನಡೆಸಿ ನೋಡಿದಳು. ಕಪ್ಪು, ಹಸಿರು, ಕಪ್ಪು, ಹಸಿರು, ರೆಪ್ಪೆ ಬಡಿದಷ್ಟು ಚುರುಕಾಗಿ. ಸಮಾಧಾನವಾಯಿತು. ತಲೆಯ ಮೇಲೆ ಏಸಿಯೊಂದು ಗುಂಯ್‌ಗುಡುತ್ತಿತ್ತು. ಇನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರೋಣವೆಂದು ಅವಳು ಅದನ್ನು ಆರಿಸಿ ಕಿಟಕಿ ತೆರೆದಳು. ಶರಾವತಿಯ ಕಡೆಯಿಂದ ಉಪ್ಪುಗಾಳಿ ಬಂತು. ಸದ್ದು ನಿಂತದ್ದೇ ಕೋಣೆ ನೀರಿನೊಳಗೆ ಇಳಿದ ಹಾಗಾಯಿತು. ಅವಳು ಎಷ್ಟು ಹೊತ್ತು ಹಾಗೇ ಕೂತಿದ್ದಳೋ.

ಬಾಗಿಲು ತಟ್ಟಿದಾಗ ಕುಪ್ಪಸದ ಬೆನ್ನು ಬೆವರಿಗೆ ಅಂಟಿಕೊಂಡಿತ್ತು.

ತ್ರ್ಯಂಬಕರ ಜೊತೆ ಒಳಗೆ ಬಂದ ಸುಮತಿ ಕನ್ನಡಕ ತೆಗೆದು ಗಾಜಿನ ಹತ್ತಿರ ಬಾಗಿದರು. ಶ್ರೀಗೌರಿ ಮೊದಲ ಗುಂಡಿ ಒತ್ತಿದಳು. ಕಪ್ಪಾಯಿತು. ಎರಡನೆಯದನ್ನು ಒತ್ತಿದಳು. ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದಳು. ವಿದ್ಯುತ್ತನ್ನೇ ಪೂರ್ತಿ ತೆಗೆದಾಗ ಬೂದು ಬಣ್ಣ ಆಕಳಿಸುತ್ತ ಮೇಲೆ ಬಂತು.

"ಇದು ಹಳೆಯ ಹರಳಿನಂತೆಯೇ ಇದೆಯಲ್ಲ" ಎಂದರು ಸುಮತಿ.

"ಎಂತ ಆತೇ ಗೌರಿ? ನಿನ್ನ ಹರಳಿಂಗೆ ಇನ್ನೂ ಮಲಗ ಹೊತ್ತು ಆಜಿಲ್ಯ?" ತ್ರ್ಯಂಬಕರು ನಕ್ಕರು. "ಜೋಗುಳ ಹಾಡ್ತಾ ಇರು. ನಂಗ ಚಾ ಕುಡ್ಕಂಡು ಬತ್ಯ."

ಇಬ್ಬರೂ ಚಹಾಕ್ಕೆ ಹೋದರು. ಕೋಣೆ ಹೋದಂತೆಯೇ ಎಂದು ಅವಳಿಗೆ ಅನ್ನಿಸಿತು. ತಂತಿಗಳೆಲ್ಲ ಸರಿಯಾಗಿದ್ದವು. ಕೆನ್ನೆಯ ಮೇಲಿಂದ ಒಂದು ಬೆವರ ಹನಿ ಮೇಜಿನ ಮೇಲೆ ಬಿತ್ತು. ಅದನ್ನು ನೋಡುತ್ತಿದ್ದಂತೆ ಅವಳಿಗೆ ಹೊಳೆಯಿತು. ಎಚ್ಚರ ನಿದ್ದೆಗಳ ಆ ಗಡಿ ಒಂದೇ ಕಡೆ ನಿಲ್ಲುವುದಿಲ್ಲ. ಸೆಕೆ ಏರಿದರೆ ಅದೂ ಮೇಲಕ್ಕೇರುತ್ತದೆ. ತಂಪಿನಲ್ಲಿ ಮಲಗು ಎಂದು ಕೇಳಿಸುತ್ತಿದ್ದ ಕಂಪನ ಈ ಬೇಗೆಯಲ್ಲಿ ಗಡಿಯ ಈಚೆಗೇ ಉಳಿದು, ಅದೂ ಏಳು ಎಂದೇ ಹೇಳುತ್ತಿತ್ತು. ಇನ್ನೂ ವೇಗವಾಗಿ ಕಂಪಿಸುವ ತಾಕತ್ತು ಅವಳ ಯಂತ್ರಕ್ಕಿರಲಿಲ್ಲ.

ಏಸಿಯ ಗುಂಡಿ ಒತ್ತಿದಳು. ಅದು ಮಿಸುಕಲಿಲ್ಲ. ಕರೆಂಟು ಹೋಗಿತ್ತು; ದೀಪ ಮತ್ತು ಯಂತ್ರ ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ.

ಪಕ್ಕದ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸಹಾಯಕಿ ಚಂದನಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವಳ ಅಣ್ಣ ವಿಶ್ವನಾಥನಿಗೆ ಶರಾವತಿಯ ಆಚೆ ದಡದ ಕಾಸರಕೋಡಿನ ಬಂದರಿನಲ್ಲಿ ಐಸಿನ ಕಾರ್ಖಾನೆಯಲ್ಲಿ ಕೆಲಸ.

"ಚಂದನಾ, ಐಸು ಬೇಕಾಗಿತ್ತು. ಈಗಲೇ."

"ಎಂತಕ್ಕೆ ಮೇಡಂ, ಶರಬತ್ತಿಗಾ?"

"ಹರಳಿಗೆ. ಸೆಕೆಗೆ ಅದು ಮಲಗ್ತಾ ಇಲ್ಲ."

"ಅಯ್ಯ, ನಮಗೇ ನಿದ್ದೆ ಇಲ್ಲ, ಅದಕ್ಕೆ ಮಾತ್ರ ಐಸಾ!" ಎನ್ನುತ್ತಲೇ ಚಂದನಾ ಸ್ಕೂಟರಿನ ಕೀಲಿ ತೆಗೆದುಕೊಂಡಿದ್ದಳು. "ಅಣ್ಣನಲ್ಲಿ ಈಗ ಭಟ್ಕಳದ ಲಾರಿಗೆ ಐಸು ತುಂಬ್ತಾ ಇರ್ತು. ಅದರಲ್ಲೇ ಒಂದು ಪೆಟ್ಟಿಗೆ ಎತ್ಕಂಡು ಬತ್ತೆ, ತಡೀರಿ."

ಪೆಟ್ಟಿಗೆ ಬಂದಾಗ ಅದರ ಜೊತೆ ಬಂಗಡೆ ಮೀನಿನ ವಾಸನೆಯೂ ಬಂತು.

"ತ್ರ್ಯಂಬಕ ಸರ್ ಮೂಗು ಮುಚ್ಕಂಡ್ರೆ ನನ್ನ ಬೈಬೇಡಿ ಮಾರಾಯ್ರೆ" ಎಂದಳು ಚಂದನಾ.

ಇಬ್ಬರೂ ಐಸಿನ ಪುಡಿಯನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಗಾಜನ್ನು ಹಿಡಿದಿದ್ದ ಹಿತ್ತಾಳೆಯ ಚೌಕಟ್ಟಿಗೆ ಒತ್ತಿ ಹಿಡಿದರು. ಅತಿಯಾಗಿ ತಣ್ಣಗಾದರೆ ಹರಳು ಜೇನಿನಂತೆ ಗಟ್ಟಿಯಾಗಿ ಮತ್ತೆ ನಿಧಾನವಾಗುತ್ತದೆ. ಗಾಜಿಗೆ ಮಂಜು ಹಿಡಿಯುವುದೂ ಇದೆ. ಶ್ರೀಗೌರಿ ಚೀಲಗಳನ್ನು ಹತ್ತಿರ ತಂದಳು, ದೂರ ಮಾಡಿದಳು, ಬೆರಳಿನಿಂದ ಚೌಕಟ್ಟಿನ ತಂಪು ಮುಟ್ಟಿ ನೋಡಿದಳು. ಚಂದನಾ ಉಸಿರು ಬಿಗಿಹಿಡಿದು ನಿಂತಿದ್ದಳು. ಇನ್ನೊಬ್ಬರು ಇದ್ದೂ ಕೋಣೆ ಇಷ್ಟು ನಿಶ್ಶಬ್ದವಾಗಿರಬಲ್ಲದೆಂದು ಶ್ರೀಗೌರಿಗೆ ಗೊತ್ತಿರಲಿಲ್ಲ.

ಚಹಾ ಮುಗಿಸಿದವರು ಒಳಗೆ ಬಂದಾಗ ಶ್ರೀಗೌರಿ ಗುಂಡಿ ಒತ್ತಿದಳು. ಕಪ್ಪು. ಇನ್ನೊಂದನ್ನು ಒತ್ತಿದಳು. ಹಸಿರು, ಮೊದಲಿನಿಂದಲೂ ಅಲ್ಲಿಯೇ ಇದ್ದಂತೆ. ಕಪ್ಪು. ಹಸಿರು. ಸುಮತಿ ತಾವೇ ಬೆರಳು ಚಾಚಿ ಒತ್ತತೊಡಗಿದರು, ಬೇಗ, ಇನ್ನೂ ಬೇಗ. ಬಣ್ಣ ಬೆರಳಿನ ಜೊತೆಗೇ ಓಡಿತು.

"ಆಗ ಏನಾಗಿತ್ತು?" ಸುಮತಿ ಕೇಳಿದರು.

"ನಾನೇ ಏಸಿ ಆರಿಸಿದ್ದೆ. ಅದರ ಸದ್ದು ನನಗೆ ಆಗುವುದಿಲ್ಲ."

ತ್ರ್ಯಂಬಕರು ಮೂಗಿನ ಮೇಲಿನ ಕರವಸ್ತ್ರ ಸರಿಸದೆಯೇ "ಥೋ" ಎಂದರು. ಸುಮತಿ ನಗಲಿಲ್ಲ. ಕರಗುತ್ತಿದ್ದ ಚೀಲಗಳನ್ನು ನೋಡುತ್ತ ಹೇಳಿದರು: "ಇಂಥ ಮಸೂರದ ಕನ್ನಡಕ ಹಾಕಿಕೊಂಡವರು ಸೆಕೆಯಲ್ಲೂ ಓಡಾಡಬೇಕಲ್ಲ. ಬೇಗೆ ಏರಿದಂತೆ ಗಡಿ ಎಲ್ಲೆಲ್ಲಿಗೆ ಸರಿಯುತ್ತದೆ ಅಂತ ಇಲ್ಲೇ ಅಳೆಯಿರಿ. ಕೋಣೆ ಇರಲಿ. ಆದರೆ ಇದು ಒಬ್ಬರ ಕೆಲಸವಲ್ಲ, ಮಕ್ಕಳನ್ನು ಸೇರಿಸಿಕೊಳ್ಳಿ. ಇಲ್ಲಿ ಎಷ್ಟು ಜನ ಕೂರಬಹುದು?"

ಶ್ರೀಗೌರಿ ಕೋಣೆಯನ್ನು ನೋಡಿದಳು. ಒಂದೇ ಸ್ಟೂಲು. ಅದರ ಸುತ್ತ ಇಷ್ಟು ದಿನ ಅವಳು ಕೂಡಿಟ್ಟುಕೊಂಡ ಮೌನ. ಚಂದನಾ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಅವಳ ಬಾಯನ್ನೇ ನೋಡುತ್ತಿದ್ದಳು.

"ಒತ್ತಿ ಕೂತರೆ," ಶ್ರೀಗೌರಿ ತಡೆದು ಹೇಳಿದಳು, "ಆರು ಜನ."