ಸೂಜಿಯಮ್ಮನ ದನಿ

ಎದುರುಮನೆಯಾಕೆ ಹಾರ ಹಿಡಿದು ಹೆಣದ ಮೇಲೆ ಬಗ್ಗಿದ್ದಳು. ಆಗಲೇ ಸೂಜಿಯಮ್ಮನ ದನಿ ಕೇಳಿತು: “ನಂಗೆ ನೀರು ಬೇಕು. ಸ್ವಲ್ಪ ನೀರು ಕೊಡಿ.”

ಆಕೆ ಕಿಟಾರನೆ ಕಿರುಚಿ ಹಾರವನ್ನು ಕೈಬಿಟ್ಟಳು. ಹಾಲ್‌ನಲ್ಲಿದ್ದವರೆಲ್ಲ ಹೆಣದ ಬಾಯಿ ನೋಡಿದರು. ಅದು ಮುಚ್ಚಿಕೊಂಡಿತ್ತು. ಮೂವತ್ತು ವರ್ಷ ಬೀದಿಯವರ ಬಟ್ಟೆಗಳ ಹೊಲಿಗೆ ಬಿಚ್ಚಿ, ಸರಿಮಾಡಿ, ಹೊಲಿದುಕೊಟ್ಟು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿ ಆ ಹೆಸರು ಗಳಿಸಿದ್ದ ಬಾಯಿ ಅದು. ಇವತ್ತು ಅಲ್ಲಿ ಒಂದು ಸೂಜಿಯೂ ಇರಲಿಲ್ಲ.

“ಅದು ದೊರೆ. ಒಳಗಿದ್ದಾನೆ. ಹೆದರ್ಕೋಬೇಡಿ,” ಎಂದಳು ಸೂಜಿಯಮ್ಮನ ತಂಗಿ.

ದೊರೆ ಸೂಜಿಯಮ್ಮನ ಒಬ್ಬನೇ ಮಗ, ಮೂವತ್ತೊಂದು ವರ್ಷದ ಗಂಡಸು. ಹುಟ್ಟುವಾಗಲೇ ಮಿದುಳಿಗೆ ಪೆಟ್ಟಾಗಿ ಕೈ, ಕಾಲು, ನಾಲಿಗೆ ಯಾವುದೂ ಅವನ ಹತೋಟಿಗೆ ಬರಲಿಲ್ಲ, ಬಲಗೈಯ ತೋರುಬೆರಳೊಂದನ್ನು ಬಿಟ್ಟು. ತಲೆ ಮಾತ್ರ ಬಲು ಚುರುಕು. ಅವನ ಗಾಲಿಕುರ್ಚಿಗೆ ಮುಂದೆ ಒಂದು ಹಲಗೆ, ಹಲಗೆಯ ಮೇಲೆ ಒಂದು ಬೋರ್ಡು. ಬೋರ್ಡಿನಲ್ಲಿ ನಲವತ್ತು ಗುಂಡಿ, ಒಂದೊಂದಕ್ಕೂ ಒಂದೊಂದು ಚಿತ್ರ. ಒತ್ತಿದರೆ ಮೊದಲೇ ತುಂಬಿಸಿಟ್ಟ ಮಾತು ಹೊರಬರುತ್ತಿತ್ತು. ನಲವತ್ತೂ ಅವನ ಅಮ್ಮನ ದನಿಯಲ್ಲಿದ್ದವು.

ಚಿಕ್ಕಮ್ಮ ಒಳಗೆ ಹೋಗಿ ಅವನಿಗೆ ನೀರು ಕುಡಿಸಿ, ಗಲ್ಲ ಒರೆಸಿದಳು. ಆಮೇಲೆ ಬೋರ್ಡನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

“ಇವತ್ತೊಂದಿನ ಸುಮ್ನಿರು ಕಂದಾ. ಅಕ್ಕ ಹೊರಗೆ ಮಲಗಿದ್ದಾಳೆ, ಅವಳ ದನಿ ಒಳಗಿಂದ ಬಂದ್ರೆ ಜನ ಎದೆ ಒಡ್ಕೊಂಡು ಸಾಯ್ತಾರೆ.”

ಬಾಗಿಲಲ್ಲಿ ನಿಂತಿದ್ದ ದೊರೆಯ ಅಪ್ಪ ಎಲ್ಲವನ್ನೂ ನೋಡಿದರು. ಬೇಡ ಎನ್ನಲಿಲ್ಲ.

ಸ್ಪೀಚ್ ಮೇಡಂ ಬಂದಾಗ ಹನ್ನೊಂದಾಗಿತ್ತು. ಹನ್ನೆರಡಕ್ಕೆ ಹೆಣ ಒಯ್ಯುವ ವ್ಯಾನು ಬರುವುದಿತ್ತು. ದೊರೆಗೆ ಬೋರ್ಡು ಕೊಡಿಸಿದವರು, ಅದರಲ್ಲಿ ಮಾತಾಡುವುದನ್ನು ಕಲಿಸಿದವರು ಅವರೇ. ಥೆರಪಿಸ್ಟ್ ಎನ್ನಲು ನಾಲಿಗೆ ಹೊರಳದೆ ಮನೆಯವರು ಮೊದಲಿನಿಂದಲೂ ಹಾಗೇ ಕರೆಯುತ್ತಿದ್ದರು. ಅವರು ಹೆಣದ ಮುಂದೆ ಒಂದು ಗಳಿಗೆ ಕೈಮುಗಿದು ನಿಂತು, ನೇರ ಒಳಕೋಣೆಗೆ ಹೋದರು.

ಒಳಗೆ ಖಾಲಿ ಹಲಗೆಯ ಮೇಲೆ ದೊರೆಯ ಬೆರಳು ಟಕ್ ಟಕ್ ಎಂದು ಬಡಿಯುತ್ತಿತ್ತು. ಕೇಳಿದವರು ಹುಡುಗನಿಗೆ ಸಂಕಟ, ಪಾಪ ಅಂದುಕೊಂಡಿರಬೇಕು. ಮೇಡಂ ಮಾತ್ರ ಹಲಗೆಯ ಮೇಲೆ ಬಗ್ಗಿ ನೋಡಿದರು. ಬೋರ್ಡು ಇಲ್ಲದಿದ್ದರೂ ಬೆರಳು ಬೀಳುವ ಜಾಗ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಮೇಲಿನ ಸಾಲಿನ ಕೊನೆ: ಅಮ್ಮ. ಮೂರನೇ ಸಾಲಿನ ನಡು: ಎಲ್ಲಿ. ಮತ್ತೆ ಅಮ್ಮ. ಮತ್ತೆ ಎಲ್ಲಿ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ, ಬೆರಳಿನ ತುದಿ ಕೆಂಪಾಗಿತ್ತು.

“ಇವನಿಗೆ ಯಾರೂ ಹೇಳಿಲ್ವಾ? ತೋರ್ಸಿಲ್ವಾ?”

“ಹೆದರ್ಕೋತಾನೆ ಅಂತ…” ಎಂದಳು ಹಿಂದೆಯೇ ಬಂದ ಚಿಕ್ಕಮ್ಮ.

“ಹೆದರ್ಕೋತಿರೋದು ಇವನೋ, ನೀವೋ? ಬೋರ್ಡು ಕೊಡಿ.”

“ಕೊಡ್ತೀನಿ ಮೇಡಂ, ನಾನೇನು ರಾಕ್ಷಸೀನಾ? ಆದ್ರೆ ಅಕ್ಕನ ದನಿ ಅಳಿಸಿ ಬೇರೆ ಗಂಡುದನಿ ಹಾಕ್ಬಿಡಿ. ನಿಮ್ಮ ಕೈಲಾಗುತ್ತಲ್ಲ? ನಾಳೆಯಿಂದ ಇವನನ್ನ ನೋಡ್ಕೊಳ್ಳೋಳು ನಾನು. ಸತ್ತ ಅಕ್ಕ ದಿನಾ ನನ್ನ ಹತ್ರ ಊಟ ಕೇಳಿದ್ರೆ ನಾನು ಬದುಕೋದು ಹೇಗೆ?”

ಮೇಡಂ ಬೀರುವಿನ ಬೀಗ ನೋಡಿದರು. ಅಳಿಸುವುದು ಅರ್ಧ ಗಂಟೆಯ ಕೆಲಸ.

*

ಹನ್ನೊಂದು ವರ್ಷದ ಹಿಂದೆ ಬೋರ್ಡಿಗೆ ಮಾತು ತುಂಬಿಸಿದ್ದು ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯೊಂದರಲ್ಲಿ. ಇಪ್ಪತ್ತರ ಗಂಡಿಗೆ ಅದೇ ವಯಸ್ಸಿನ ಗಂಡುದನಿಯೇ ಬೇಕು ಎಂಬುದು ಮೇಡಂ ಓದಿಕೊಂಡಿದ್ದ ಪಾಠ. ದನಿ ಕೊಡಲು ಎಕ್ಸ್‌ರೇ ವಿಭಾಗದ ಗುಮಾಸ್ತನನ್ನು ಗೊತ್ತುಮಾಡಿದ್ದರು. ಆ ಮಹಾರಾಯ ಅವತ್ತೇ ರಜೆ ಹಾಕಿದ್ದ.

“ನಾನೇ ಹೇಳ್ತೀನಿ ಬಿಡಿ ಮೇಡಂ,” ಎಂದಿದ್ದಳು ಸೂಜಿಯಮ್ಮ. “ಒಂಬತ್ತು ತಿಂಗಳು ಹೊಟ್ಟೇಲಿ ಇಟ್ಕೊಂಡೋಳಿಗೆ ದನಿ ಕೊಡೋದೇನು ಮಹಾ?”

“ಸದ್ಯಕ್ಕೆ ಆಗ್ಲಿ. ಆಮೇಲೆ ಬದಲಾಯಿಸೋಣ. ಮೊದಲು ಬಾಯಲ್ಲಿರೋ ಸೂಜಿ ತೆಗೀರಿ.”

ಮೂವತ್ತೊಂಬತ್ತು ಮಾತು ಮುಗಿದ ಮೇಲೆ ಸೂಜಿಯಮ್ಮ ಹಟ ಹಿಡಿದಳು. “ಒಂದು ಬೈಗುಳ ಹಾಕಿ.”

“ರೀ, ಇದು ಆಸ್ಪತ್ರೆ!”

“ಮತ್ತೆ? ಯಾರಾದ್ರೂ ಇವನನ್ನ ಪೆದ್ದ ಅಂದ್ರೆ, ಇವನು ‘ಸ್ವಲ್ಪ ನೀರು ಕೊಡಿ’ ಅನ್ಬೇಕಾ?”

ದೊರೆ ಕುರ್ಚಿಯೇ ಅಲುಗುವ ಹಾಗೆ ನಕ್ಕ. ಕೊನೆಯ ಗುಂಡಿಗೆ “ನಿನ್ನ ತಲೆ, ಹೋಗೋ ಅತ್ಲಾಗೆ!” ಎಂಬುದು ಸೇರಿತು. ಬೀದಿಯಲ್ಲಿ ಅವನು ಅತಿ ಹೆಚ್ಚು ಒತ್ತಿದ್ದು ಅದನ್ನೇ.

ಬದಲಾಯಿಸುವ ಆ ‘ಆಮೇಲೆ’ ಬರಲೇ ಇಲ್ಲ. ತಪ್ಪು ತನ್ನದೇ ಎಂದು ಮೇಡಂಗೆ ಗೊತ್ತಿತ್ತು. ಎಷ್ಟೆಲ್ಲ ಓದಿದ್ದವರಿಗೆ, ದನಿ ಕೊಟ್ಟವಳೂ ಒಂದು ದಿನ ಸಾಯುತ್ತಾಳೆ ಎಂಬುದೊಂದು ಹೊಳೆದಿರಲಿಲ್ಲ.

*

“ಅಳಿಸ್ಬೇಡಿ,” ಎಂದರು ಅಪ್ಪ ಬಾಗಿಲಿನಿಂದ. “ಅವನಿಗೆ ಕೊಡ್ಲೂಬೇಡಿ. ಬೀರು ಒಳಗೇ ಇರ್ಲಿ.”

“ಯಾಕೆ?”

ಅವರು ಒಳಗೆ ಬಂದು ಮಂಚದ ಅಂಚಿನಲ್ಲಿ ಕೂತರು.

“ನಿನ್ನೆ ಮಧ್ಯಾಹ್ನ ಹಿತ್ತಲಲ್ಲಿದ್ದೆ ಮೇಡಂ. ‘ಯಾರಾದ್ರೂ ಬನ್ನಿ, ಬೇಗ ಬನ್ನಿ’ ಅಂತ ಕೂಗಿದ್ಲು. ಓಡಿ ಬಂದೆ. ಹೊಲಿಗೆ ಮೆಷಿನ್ ಮೇಲೆ ತಲೆ ಇಟ್ಟಿದ್ಲು. ಮುಟ್ಟಿದೆ, ಎಲ್ಲ ಮುಗಿದಿತ್ತು. ಆದ್ರೂ ಕೂಗ್ತಾನೇ ಇದ್ಲು. ಬೇಗ ಬನ್ನಿ, ಬೇಗ ಬನ್ನಿ. ಇವನು ಒತ್ತುತ್ತಿದ್ದ ಅಂತ ಗೊತ್ತಾಗೋಕೆ ನಂಗೆ ಎಷ್ಟು ಹೊತ್ತು ಹಿಡೀತೋ.” ಅವರು ದೊರೆಯ ಬೆರಳನ್ನೇ ನೋಡಿದರು. “ಮುಂಚಿನಿಂದ್ಲೂ ಹಾಗೇ. ನೀರು ಅಂತ ಕೇಳಿದ್ರೆ ಯಾರು ಕೇಳಿದ್ದು ಅಂತ ತಿಳೀತಿರ್ಲಿಲ್ಲ. ಎರಡು ಲೋಟ ತರ್ತಿದ್ದೆ. ಇನ್ಮೇಲೆ ಒಂದೇ ಲೋಟ ಸಾಕು ಅಂತ ದಿನಾ ನೆನಪಿಟ್ಕೋಬೇಕಲ್ಲ, ಅದು ನನ್ನ ಕೈಲಾಗಲ್ಲ.”

ಪಾಪ, ಮನುಷ್ಯ ಅತ್ತೇಬಿಟ್ಟರು. ಚಿಕ್ಕಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ಹಲಗೆಯ ಮೇಲೆ ಬೆರಳು ಮಾತ್ರ ನಿಲ್ಲಲಿಲ್ಲ.

“ನೀವಿಬ್ರೂ ನಿಮ್ಮ ಕಷ್ಟ ಹೇಳಿದ್ರಿ,” ಎಂದರು ಮೇಡಂ. “ಇವನನ್ನೂ ಕೇಳೋಣ. ಇವನ ನಾಲಿಗೇನ ಬೀಗ ಹಾಕಿ ಇಟ್ಕೊಂಡು ಕೇಳೋಕಾಗಲ್ಲ.”

ಚಿಕ್ಕಮ್ಮ ಅಪ್ಪನ ಮುಖ ನೋಡಿದಳು. ಕೊನೆಗೆ ಬೀರು ತೆಗೆದಳು.

ಬೋರ್ಡು ಹಲಗೆಯ ಮೇಲೆ ಓರೆಯಾಗಿ ಬಂದು ಕೂತಿತು. “ದೊರೆ,” ಎಂದರು ಮೇಡಂ, “ಈ ದನಿ ತೆಗೆದು ಬೇರೆ ಹಾಕ್ಲಾ?”

ಬೆರಳು ಒಂದು ಕ್ಷಣವೂ ಹುಡುಕಲಿಲ್ಲ.

“ಇದು ನಂದು. ಮುಟ್ಬೇಡಿ,” ಎಂದಳು ಸೂಜಿಯಮ್ಮ.

ಹೊರಗೆ ಹಾಲ್‌ನಲ್ಲಿ ಪಿಸುಮಾತೆಲ್ಲ ನಿಂತುಹೋಯಿತು. ಚಿಕ್ಕಮ್ಮ ಕೈಯಲ್ಲಿದ್ದ ಬೀಗದ ಕೈಯನ್ನು ಸದ್ದಾಗದಂತೆ ಮಂಚದ ಮೇಲಿಟ್ಟಳು. ಅಪ್ಪ ತಲೆ ತಗ್ಗಿಸಿದರು.

ಮೇಡಂ ಕುರ್ಚಿಯನ್ನು ಹಾಲ್‌ಗೆ ತಳ್ಳಿಕೊಂಡು ಬಂದರು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಪರದೆ ಎಳೆದಿದ್ದರಿಂದ ಹಗಲಿನಲ್ಲೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಅಮ್ಮನ ಮುಖ ಕಾಣುವಷ್ಟು ಹತ್ತಿರ ಕುರ್ಚಿ ನಿಲ್ಲಿಸಿ, ಮೇಡಂ ಮಂಡಿಯೂರಿ ಕೂತರು.

“ಅಮ್ಮ ಇಲ್ಲಿದ್ದಾರೆ ನೋಡು ದೊರೆ. ನಿನ್ನೇನೇ ಸತ್ತುಹೋದ್ರು ಕಣೋ. ಇನ್ನು ಏಳಲ್ಲ, ಮಾತಾಡಲ್ಲ. ಏನು ಹೇಳ್ಬೇಕೋ ಹೇಳು.”

ದೊರೆ ಬಹಳ ಹೊತ್ತು ನೋಡಿದ. ಅವನ ಕಣ್ಣಿನಿಂದ ಇಳಿದದ್ದನ್ನು ಯಾರೂ ಒರೆಸಲಿಲ್ಲ, ಹತ್ತಿರ ಹೋಗಲು ಎಲ್ಲರಿಗೂ ಅಂಜಿಕೆ. ಬೆರಳು ಎದ್ದಿತು. ಅಮ್ಮ ಎಂಬ ಗುಂಡಿಗೆ ಹೋಗುತ್ತದೆ ಎಂದುಕೊಂಡರು ಮೇಡಂ. ಅದು ಅಲ್ಲಿ ನಿಲ್ಲಲಿಲ್ಲ. ಕೆಳಗಿಳಿಯಿತು, ಇನ್ನೂ ಕೆಳಗೆ.

“ನಂಗೆ ಸುಸ್ತಾಯ್ತು,” ಎಂದಿತು ದನಿ, ಮುಚ್ಚಿದ ಬಾಯಿಯ ಪಕ್ಕದಲ್ಲೇ. “ಮಲಗ್ತೀನಿ. ಲೈಟ್ ಆರ್ಸಿ.”

ಹನ್ನೊಂದು ವರ್ಷ ಆ ಬೆರಳನ್ನು ಓದಿದ್ದ ಮೇಡಂಗೂ, ಅವನು ತನ್ನ ಮಾತು ಹೇಳಿದನೋ ಅವಳ ಮಾತು ಹೇಳಿದನೋ ತಿಳಿಯಲಿಲ್ಲ.

ಅಪ್ಪ ಒಳಕೋಣೆಯ ಬಾಗಿಲಿನಿಂದ ಹೊರಟು, ಜನರ ನಡುವೆ ದಾರಿ ಮಾಡಿಕೊಂಡು ಗೋಡೆಯ ಸ್ವಿಚ್ಚಿನ ಹತ್ತಿರ ಹೋದರು.

“ಆರಿಸ್ದೆ ಕಣೇ,” ಎಂದರು. “ಮಲ್ಕೋ.”

ಹಾಲ್ ಮಬ್ಬಾಯಿತು. ಅವರು ತುದಿಗಾಲಿನಲ್ಲಿ ಹಿಂದಿರುಗಿ ಬಂದು, ಮಗನ ಮುಂದೆ ಓರೆಯಾಗಿದ್ದ ಬೋರ್ಡನ್ನು ನೆಟ್ಟಗೆ ಮಾಡಿ, ಸದ್ದಾಗದ ಹಾಗೆ ಅದರ ಪಟ್ಟಿಯನ್ನು ಹಲಗೆಗೆ ಬಿಗಿಯತೊಡಗಿದರು.